ಸೇವಂತಿಗೆ ದುಡ್ಡು ರಾಣೆಬೆನ್ನೂರಿಗೆ ಹೋಯ್ತು

6 ಡಿಸೆಂಬರ್ 2025, ಶನಿವಾರ
ಚಿಕ್ಕಬಳ್ಳಾಪುರ

ಕೆಳಗಿನ ಮನೆ ಹೂವಿನ ಅಕ್ಕನ ಏಳೂವರೆ ಸಾವಿರ ಇನ್ನೂ ಬಂದಿಲ್ಲ. ನಿನ್ನೆವರೆಗೂ ಬೈಯೋಕೆ ಒಬ್ಬ ಮನುಷ್ಯನಾದರೂ ಇದ್ದ. ಈಗ ಅದೂ ಇಲ್ಲ.

ಗುರುವಾರ ಸಂಜೆ ಹೂವಿನ ರೈತನಿಗೆ ಅಕ್ಕ ಫೋನಲ್ಲೇ ದುಡ್ಡು ಹಾಕಿದ್ದರು. ಅವನದು ಹೊಸ ನಂಬರ್. ಕೊನೆಗೆ 6 ಬರಬೇಕಾದ ಕಡೆ 9 ಒತ್ತಿದ್ದಾರೆ. ಬ್ಯಾಂಕಲ್ಲಿರೋ ಹೆಸರು ಮೊದಲೇ ತೋರಿಸುತ್ತಲ್ಲ, ತೋರಿಸಿದೆ. "ಅವನ ಮಗನ ಹೆಸರಿರಬೇಕು ಅಂದ್ಕೊಂಡೆ ಕಣೇ" ಅಂತಾರೆ. ನಮ್ಮ ಕಡೆ ಎಷ್ಟೋ ರೈತರ ದುಡ್ಡು ಹೋಗೋದು ಮಗನ ಅಕೌಂಟಿಗೇ. ಅದೂ ಸರಿನೇ.

ಬೆಳಿಗ್ಗೆ ಬ್ಯಾಂಕಿಗೆ ಹೋದ್ವಿ. ಮೊದಲ ಶನಿವಾರ, ಸದ್ಯ ತೆಗೆದಿತ್ತು. ದುಡ್ಡು ಕಳಿಸಿದ್ದಕ್ಕೆ ಗುರುತಾಗಿ ಬರೋ 12 ಅಂಕಿಯ ಯುಟಿಆರ್ ನಂಬರ್, ತಾರೀಖು, ಮೊತ್ತ ಎಲ್ಲ ಬರೆದು ಅರ್ಜಿ ಕೊಟ್ಟು, ನಕಲಿಗೆ ಸೀಲ್ ಹಾಕಿಸಿಕೊಂಡೆವು. ಕೌಂಟರಿನ ಹುಡುಗಿ ನಿಧಾನವಾಗಿ ಹೇಳಿದಳು. "ನಾವು ಅವರ ಬ್ಯಾಂಕಿಗೆ ಬರೀತೀವಿ ಆಂಟಿ. ಅವರು ಆ ಗ್ರಾಹಕರನ್ನ ಕೇಳ್ತಾರೆ. ಅವರು ಒಪ್ಪಿದ್ರೆ ಮಾತ್ರ ವಾಪಸ್. ನಾವಾಗಿ ನಾವು ಇನ್ನೊಬ್ಬರ ಅಕೌಂಟಿಗೆ ಕೈ ಹಾಕೋ ಹಾಗಿಲ್ಲ." 30 ದಿನ ಆದ್ರೂ ಉತ್ತರ ಸಿಗದಿದ್ರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದಂತೆ. ಆ್ಯಪ್‌ನಲ್ಲೂ ದೂರು ಹಾಕಿದೆ.

ಫ್ಯಾಮಿಲಿ ಗ್ರೂಪಲ್ಲಿ ಮಾತ್ರ ಎಲ್ಲರೂ ಪಂಡಿತರೇ. 1930ಕ್ಕೆ ಫೋನ್ ಮಾಡಿ, 48 ಗಂಟೇಲಿ ದುಡ್ಡು ಬರುತ್ತೆ ಅಂತ ಒಬ್ಬರು. ಅದು ಆನ್‌ಲೈನ್ ಮೋಸಕ್ಕೆ ಸಿಕ್ಕವರಿಗೆ ಇರೋ ನಂಬರ್. ಇಲ್ಲಿ ಮೋಸ ಮಾಡಿದವರು ಯಾರು? ಇನ್ನೊಬ್ಬರು ಗೂಗಲ್‌ನಲ್ಲಿ ಸಿಕ್ಕ ಯಾವುದೋ ಕಸ್ಟಮರ್ ಕೇರ್ ನಂಬರ್ ಕಳಿಸಿದರು. ಅದಕ್ಕೆ ಮಾಡಿದ್ರೆ ಉಳಿದಿದ್ದೂ ಹೋದೀತು.

ದುಡ್ಡು ಹೋದ ನಂಬರಿನವನು ಫೋನ್ ಎತ್ತುತ್ತಲೇ ಇರಲಿಲ್ಲ. ಕಳ್ಳ, ನುಂಗಿಬಿಟ್ಟ ಅಂತ ನಾವಿಬ್ಬರೂ ತೀರ್ಮಾನ ಮಾಡಿಯಾಗಿತ್ತು. "ನಮಗೆ ಈಗಲೇ ಏನೂ ಕಳಿಸಬೇಡಿ, ನಿಮ್ಮ ಬ್ಯಾಂಕಲ್ಲೇ ವಿಚಾರಿಸಿ" ಅಂತ ನಾನು ಮೆಸೇಜ್ ಹಾಕಿದ ಮೇಲೆ ಮಧ್ಯಾಹ್ನ ತಾನೇ ಫೋನ್ ಮಾಡಿದ.

"ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ತಪ್ಪಿ ರೊಕ್ಕ ಬಂದೈತಿ ಅಂತ ಹೇಳಿ ಟೋಪಿ ಹಾಕೋರು ಭಾಳ ಮಂದಿ ಅದಾರ. ಅದಕ್ಕ ಎತ್ತಲಿಲ್ಲ."

ಅಂದ್ರೆ ಅವನ ಲೆಕ್ಕದಲ್ಲಿ ಕಳ್ಳರು ನಾವು! ಸಿಟ್ಟು ಬಂತು. ಆದರೆ ನಾನಾಗಿದ್ರೂ ಎತ್ತುತ್ತಿರಲಿಲ್ಲ.

ರಾಣೆಬೆನ್ನೂರು ಕಡೆಯವನು. ಗೂಡ್ಸ್ ಆಟೋ ಓಡಿಸ್ತಾನೆ. "ರೊಕ್ಕ ಬಂದದ್ದು ಖರೇನ ರೀ. ಆದ್ರ ನಿನ್ನೆ ಐದನೇ ತಾರೀಖಲ್ರೀ, ಬೆಳಿಗ್ಗೆನ ಗಾಡಿ ಸಾಲದ ಕಂತು ಕಟ್ ಆಗೇತಿ. ಖಾತ್ಯಾಗ ನಂದು ಮುನ್ನೂರು ರೂಪಾಯಿನೂ ಇರಲಿಲ್ಲ. ಬೌನ್ಸ್ ಆಗ್ತದ ಅಂತ ಕುಂತಿದ್ದೆ. ಆಗಲಿಲ್ಲ ಅಂತ ಹನುಮಪ್ಪಗ ಕಾಯಿ ಒಡೆದು ಬಂದೀನ್ರಿ."

ಬ್ಯಾಂಕಿನ ಮೆಸೇಜೂ ಕಳಿಸಿದ. ಕಂತು 7,380. ಉಳಿದಿದ್ದು 412.

ಸ್ಪೀಕರ್ ಹಾಕಿದ್ದೆ. ಬೈಯೋಕೆ ಅಂತಲೇ ಪಕ್ಕದಲ್ಲಿ ಕೂತಿದ್ದ ಅಕ್ಕ "ಊಟ ಆಯ್ತೇನಪ್ಪ?" ಅಂದುಬಿಟ್ಟರು. ಫೋನ್ ಇಟ್ಟ ಮೇಲೆ ನೋಡಬೇಕಿತ್ತು. "ನನ್ನ ದುಡ್ಡಲ್ಲಿ ಕಂತು ಕಟ್ಟಿ, ದೇವರಿಗೆ ಕಾಯಿ ಬೇರೆ ಒಡೆದನಾ!"

ನಮ್ಮೆಜಮಾನರ ವಕೀಲ ಸ್ನೇಹಿತರು ಕಾನೂನು ನಮ್ಮ ಕಡೆಗೇ ಇದೆ ಅಂದರು. ತಪ್ಪಿ ಬಂದ ಹಣ ಹಿಂದಿರುಗಿಸಲೇಬೇಕು, 1872ರ ಕರಾರು ಕಾಯ್ದೆ, 72ನೇ ಸೆಕ್ಷನ್. ಬೇಕಾದ್ರೆ ನೋಟಿಸ್ ಕೊಡೋಣ ಅಂತಲೂ ಅಂದರು. ಯಾರಿಗೆ ಕೊಡೋದು, 412 ರೂಪಾಯಿ ಇಟ್ಕೊಂಡವನಿಗಾ?

ಅಕ್ಕ ಸಂಘದಲ್ಲಿ ಸಾಲ ತೆಗೆದು ರೈತನಿಗೆ ಕೊಟ್ಟಾಯಿತು. ಧನುರ್ಮಾಸ ಹತ್ತಿರ ಬಂತು, ಹೂ ನಿಲ್ಲಿಸೋಕಾಗಲ್ಲ.

ರಾತ್ರಿ ಅವನಿಂದ ಐನೂರು ಬಂತು. ಇವತ್ತಿನ ಬಾಡಿಗೆದಂತೆ. ಅಕ್ಕ ಆಗಲೇ ಮೆಟ್ಟಿಲು ಹತ್ತಿ ಬಂದರು. "ಅರ್ಜಿ ವಾಪಸ್ ತಗೊಳ್ಳೋಣ್ವೇನೇ? ಬ್ಯಾಂಕಿನವರು ಕೇಳಿದ್ರೆ ಹೆದರ್ಕೊಳ್ತಾನೆ ಹುಡುಗ."

ಬೇಡ, ಏಳು ಸಾವಿರ ಬರೋ ತನಕ ಇರಲಿ ಅಂದೆ. ಆದರೆ ಅವನು ಬ್ಯಾಂಕಲ್ಲಿ ಒಪ್ಪಿಗೆ ಕೊಟ್ಟು, ಮುಂದಿನ ಕಂತಿಗೆ ಅಂತ ಕೂಡಿಟ್ಟಿದ್ದನ್ನೇ ಅವರು ನಮಗೆ ತಿರುಗಿಸಿಬಿಟ್ರೆ, ಐದನೇ ತಾರೀಖು ಮತ್ತೆ ಅವನ ಗಾಡಿ ಕಂತು ಬೌನ್ಸ್ ಆಗುತ್ತಲ್ಲ?