ಕಾಂಡ ಕಾಣದ ಫೋಟೋ

"ಕುಕ್ಕರ್‌ಗೆ ಹಾಕಿದ್ದೀನಿ ಸರ್, ನೀವು ಹಾಕಿದ್ದು ಇದೇ ಅಲ್ವಾ?"

ಕಳೆದ ನವೆಂಬರ್‌ನಲ್ಲಿ ಮಂಡ್ಯದ ಒಬ್ಬ ಅಕ್ಕ ನಮ್ಮ ಕೈತೋಟದ ಗ್ರೂಪ್‌ಗೆ ಹೀಗೆ ಬರೆದು ಎರಡು ಫೋಟೋ ಕಳಿಸಿದರು. ಮರೆತುಹೋಗ್ತಿರೋ ಗೆಡ್ಡೆ ಬೆಳೆಗಳನ್ನು ಹುಡುಕಿ ದಾಖಲಿಸೋದು ನನ್ನ ಕೆಲಸ. ಅವತ್ತು ಎಚ್.ಡಿ. ಕೋಟೆಯಲ್ಲಿ ಫೀಲ್ಡ್ ಮುಗಿಸಿ ಬಸ್ ಹತ್ತಿದ್ದೆ.

ಮೊದಲ ಫೋಟೋದಲ್ಲಿ ಕಂದು ಬಣ್ಣದ ದುಂಡು ಗೆಡ್ಡೆ. ಎರಡನೆಯದರಲ್ಲಿ ಬಳ್ಳಿ. ಜೂಮ್ ಮಾಡಿದೆ. ಕಾಂಡ ದುಂಡಗಿತ್ತು. ಎಲೆ ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ. ನಾನು ಗ್ರೂಪ್‌ಗೆ ಹಾಕಿದ್ದ ಫೋಟೋ ಹೆಗ್ಗೆಣಸಿನ ಬಳ್ಳಿಯಲ್ಲಿ ಬಿಡುವ ಗೆಡ್ಡೆಯದು. ಅದರ ಕಾಂಡ ಚೌಕ, ಮೂಲೆಗಳಲ್ಲಿ ರೆಕ್ಕೆಯಂಥ ಅಂಚು, ಎಲೆಗಳು ಎದುರುಬದುರು. ಅಕ್ಕ ಕಳಿಸಿದ್ದು ಬೇರೆ ಜಾತಿ. ಅದರಲ್ಲಿ ತಿನ್ನೋಕಂತಲೇ ತೋಟದಲ್ಲಿ ಬೆಳೆಸುವ ತಳಿಯಾದರೆ ಬೇಯಿಸಿ ತಿನ್ನಬಹುದು, ಆದರೆ ಕಾಡಿನದು ಕಹಿ, ಲಿವರ್‌ಗೂ ಪೆಟ್ಟು. ಅಕ್ಕ ಬರೆದಿದ್ದರು: "ತಮ್ಮ ಕಾಡಂಚಿಂದ ತಂದ."

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸಿಗ್ನಲ್ ಹೋಯ್ತು, ಬಂತು, ಹೋಯ್ತು. "ತಿನ್ನಬೇಡಿ" ಅಂತ ಕಳಿಸಿದ ಮೆಸೇಜ್‌ಗೆ ಒಂದೇ ಟಿಕ್. ಹನ್ನೊಂದು ನಿಮಿಷ ಹಾಗೇ ಕೂತಿದ್ದೆ. ಆ ಮನೆಯಲ್ಲಿ ಮಕ್ಕಳಿದ್ದಾರಾ ಅನ್ನೋದೊಂದೇ ತಲೆಯಲ್ಲಿ. ಕೊನೆಗೆ ಎತ್ತಿದರು, ಬಟ್ಟೆ ಒಗೀತಿದ್ದರಂತೆ. ಮೂರು ಸೀಟಿ ಆಗಿತ್ತು, ಮುಚ್ಚಳ ಇನ್ನೂ ತೆಗೆದಿರಲಿಲ್ಲ. ತಿಪ್ಪೆಗೆ ಹಾಕಿಸಿದೆ.

ತಪ್ಪು ಅವರದ್ದಲ್ಲ. ಬಿಳಿ ಬಟ್ಟೆ ಮೇಲೆ ಬರೀ ಗೆಡ್ಡೆ ಇಟ್ಟು, "ಬಳ್ಳಿ ಆಲೂಗಡ್ಡೆ, ಬೇಯಿಸಿ ತಿನ್ನಿ" ಅಂತ ಬರೆದವನು ನಾನು. ಆ ಹೆಸರಲ್ಲಿ ಜನ ಎರಡನ್ನೂ ಕರೀತಾರೆ. ಬಳ್ಳಿ, ಗಂಟು, ಎಲ್ಲದರ ಫೋಟೋ ತೆಗೆದಿದ್ದೆ, ಆದರೆ ಆಫೀಸಿಗೆ ಚೌಕಟ್ಟಿನಲ್ಲಿ ಚೆಂದ ಕಾಣುವ ಒಂದೇ ಫೋಟೋ ಬೇಕಿತ್ತು, ನಾನೂ ಸುಮ್ನೆ ಕ್ರಾಪ್ ಮಾಡಿ ಕೊಟ್ಟೆ. ಮರೆತುಹೋಗ್ತಿರೋ ಬೆಳೆ ಜನಕ್ಕೆ ತಲುಪಲಿ ಅನ್ನೋ ಆಸೆ ನನಗೆ ಈಗಲೂ ಇದೆ. ಆದರೆ ಕಾಡಂಚಿನ ಜೇನುಕುರುಬರು ಗೆಡ್ಡೆ ಅಗೆಯೋಕೆ ಮುಂಚೆ ಬಳ್ಳಿ ನೋಡ್ತಾರೆ. ಅದನ್ನು ಪಕ್ಕದಲ್ಲೇ ನಿಂತು ಎಷ್ಟೋ ಸಲ ನೋಡಿದ್ದೆ ನಾನು.

ಈಗ ಒಂದು ಗೆಡ್ಡೆಗೆ ಆರು ಫೋಟೋ: ಇಡೀ ಬಳ್ಳಿ, ಎಲೆ ಸೇರುವ ಗಂಟು, ಕಾಂಡದ ಅಡ್ಡ ಸೀಳು, ಎಲೆ, ಪಕ್ಕದಲ್ಲಿ ಕೈ ಇಟ್ಟು ಗೆಡ್ಡೆ, ಕೊಯ್ದ ಹೋಳು. ಪಾಸ್‌ಪೋರ್ಟ್ ಡೇಟಾದಲ್ಲಿ, ಅಂದರೆ ಗೆಡ್ಡೆ ಎಲ್ಲಿ ಸಿಕ್ಕಿತು ಅಂತ ಬರೆದಿಡೋ ದಾಖಲೆಯಲ್ಲಿ, ಊರಿನ ಹೆಸರಿನ ಜೊತೆ ಬೇಯಿಸುವ ಕ್ರಮವನ್ನೂ ಬರೀತೀನಿ. ಆರೂ ಒಟ್ಟಿಗೆ ಹೋಗದಿದ್ದರೆ ಒಂದೂ ಹೋಗೋದಿಲ್ಲ ಅಂದಿದ್ದೀನಿ. ಮೇಲಿನವರಿಗೆ ಇದು ಜಾಸ್ತಿ ಆಯ್ತಂತೆ, ಮೊನ್ನೆ ಮೀಟಿಂಗ್‌ನಲ್ಲೂ ಬಿಳಿ ಬಟ್ಟೆ ಫೋಟೋ ಎಲ್ಲಿ ಅಂತ ಕೇಳಿದರು.

ಆ ಅಕ್ಕನಿಗೆ ಹೆಗ್ಗೆಣಸಿನ ಬೀಜದ ಗೆಡ್ಡೆ ಕೊಟ್ಟು ಬಂದೆ. ಮೊಳಕೆ ಬಂದ ಮೇಲೆ ಫೋಟೋ ಕಳಿಸಿದರು. ಕಾಂಡದ ಅಂಚಿನ ಪಕ್ಕ ಬೆರಳು ಇಟ್ಟು ತೆಗೆದಿದ್ದರು.