ಇನ್ನೆಷ್ಟು ತೊಳೀಲಿ ಮೇಡಂ?

"ತೊಳೆದಷ್ಟೂ ವಾಸನೆ ಜಾಸ್ತಿ ಆಗ್ತಿದೆ. ಇನ್ನೆಷ್ಟು ತೊಳೀಲಿ ಮೇಡಂ?" ಸೋಮವಾರ ಓಪಿಡಿಯಲ್ಲಿ, ಬಿಳಿಸ್ರಾವವೆಂದು ಅತ್ತೆಯ ಜೊತೆ ಬಂದಿದ್ದ ಹೆಣ್ಣುಮಗಳೊಬ್ಬಳು ಕೇಳಿದ ಮಾತು ವಾರವಿಡೀ ಕಿವಿಯಲ್ಲೇ ಇದೆ. "ಉಷ್ಣಕ್ಕೆ ಬಿಳಿ ಹೋಗ್ತಿದೆ ಅಷ್ಟೇ" ಎಂದು ಅತ್ತೆಯೇ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಅವರನ್ನು ಹೊರಗೆ ಕೂರಿಸಿದ ಮೇಲೆ ಸೊಸೆ ಬಾಯಿಬಿಟ್ಟಳು: ದಿನಕ್ಕೆರಡು ಸಲ ಬಿಸಿನೀರಿಗೆ ಆಂಟಿಸೆಪ್ಟಿಕ್ ಬೆರೆಸಿ, ಬೆರಳು ಹಾಕಿ ಒಳಗೂ ತೊಳೆಯುತ್ತಿದ್ದಳಂತೆ.

ಪರೀಕ್ಷಿಸಿದಾಗ ಬೂದುಬಿಳಿ ತೆಳು ಸ್ರಾವ, ಮೀನಿನ ವಾಸನೆ. ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿ ಹಳದಿಯಾಗಿಯೇ ಉಳಿಯಬೇಕಿತ್ತು, ಹಸಿರಿಗೆ ತಿರುಗಿತು, ಅಂದರೆ ಆಮ್ಲೀಯತೆ ಕಡಿಮೆಯಾಗಿದೆ. ಯೋನಿಯೊಳಗಿನ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಪಿಎಚ್ ಅನ್ನು 3.8ರಿಂದ 4.5ರ ನಡುವೆ ಕಾಯುತ್ತವೆ. ಒಳಗೆ ತೊಳೆದರೆ ಕಾವಲಿಗಿದ್ದ ಅವೇ ಕಡಿಮೆಯಾಗುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ವಾಸನೆ ಏರುತ್ತದೆ. ವಾಸನೆ ಬಂತೆಂದು ಆಕೆ ಮತ್ತೆ ತೊಳೆಯುತ್ತಿದ್ದಳು. ಇನ್ನೆಷ್ಟು ತೊಳೀಲಿ ಎಂದು ಕೇಳುವಷ್ಟು ಸೋತಿದ್ದಳು, ಪಾಪ.

ಇದು ಬ್ಯಾಕ್ಟೀರಿಯಲ್ ವೆಜೈನೋಸಿಸ್. ಮೆಟ್ರೋನಿಡಜೋಲ್ 400 ಮಿ.ಗ್ರಾಂ., ದಿನಕ್ಕೆರಡು, ಊಟದ ನಂತರ, 7 ದಿನ. ಮೂರನೇ ದಿನಕ್ಕೆ ವಾಸನೆ ಹೋಯಿತೆಂದು ಮಾತ್ರೆ ನಿಲ್ಲಿಸಿದರೆ ಮರುಕಳಿಸುವ ಸಾಧ್ಯತೆ ಹೆಚ್ಚು.

ಮೆಡಿಕಲ್ ಶಾಪಿನವರು ಕೊಟ್ಟಿದ್ದ ಟ್ಯೂಬನ್ನೂ ಚೀಲದಿಂದ ತೆಗೆದಳು. ಫಂಗಸ್ ಔಷಧಿಗೆ ಸ್ಟೀರಾಯ್ಡ್ ಸೇರಿಸಿದ ಮುಲಾಮು. ಹೀಗೆ ಕೇಳಿದವರಿಗೆಲ್ಲ ಒಂದೇ ಟ್ಯೂಬ್ ಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಈ ಸೋಂಕಿಗೆ ಅದು ನಾಟುವುದೇ ಇಲ್ಲ, ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ.

ಫಂಗಸ್ ಸೋಂಕಿನ ಲಕ್ಷಣವೇ ಬೇರೆ: ಒಡೆದ ಮೊಸರಿನಂಥ ಸ್ರಾವ, ವಿಪರೀತ ತುರಿಕೆ, ಉರಿ, ವಾಸನೆ ಅಷ್ಟಿರದು. ಅದಕ್ಕೆ ಕ್ಲೋಟ್ರಿಮಜೋಲ್ 500 ಮಿ.ಗ್ರಾಂ. ಮಾತ್ರೆಯೊಂದನ್ನು ರಾತ್ರಿ ಮಲಗುವಾಗ ಯೋನಿಯೊಳಗೆ ಇಟ್ಟುಕೊಳ್ಳಬೇಕು. ಪದೇಪದೇ ಬಂದರೆ ರಕ್ತದ ಸಕ್ಕರೆ ನೋಡಿಸಿ. ಗರ್ಭಿಣಿಯರು ಫಂಗಸ್‌ಗೆ ನುಂಗುವ ಮಾತ್ರೆ ಫ್ಲುಕೋನಜೋಲ್ ಅನ್ನು ತಾವಾಗಿ ತೆಗೆದುಕೊಳ್ಳಬಾರದು. ಹಳದಿ-ಹಸಿರು ನೊರೆಸ್ರಾವವಾದರೆ ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕಿರಬಹುದು. ಖಚಿತವಾದರೆ ಗಂಡನಿಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು. ಅವನು ಬರಲೊಪ್ಪದೆ ಹೆಂಡತಿಯೊಬ್ಬಳೇ ಮಾತ್ರೆ ನುಂಗುತ್ತಿರುವ ಮನೆಗಳು ಎಷ್ಟೋ.

ಆಕೆಯ ಪ್ರಶ್ನೆಗೆ ಉತ್ತರ: ಹೊರಭಾಗ ಮಾತ್ರ, ಬರೀ ನೀರಲ್ಲಿ, ದಿನಕ್ಕೊಮ್ಮೆ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ. ಸುವಾಸನೆಯ ವಾಶ್ ಬೇಡ. ಪ್ಯಾಡ್ 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯಾದರೆ ಸೋಪಿನಲ್ಲಿ ಒಗೆದು ಬಿಸಿಲಲ್ಲೇ ಒಣಗಿಸಬೇಕು, ಸೀರೆಯಡಿ ಬಚ್ಚಿಟ್ಟಲ್ಲ. ತಿಂಗಳ ನಡುವೆ ಲೋಳೆಯಂತೆ ಹೋಗುವ, ತುರಿಕೆ-ವಾಸನೆಯಿಲ್ಲದ ಸ್ರಾವ ರೋಗವೇ ಅಲ್ಲ.

ಅತ್ತೆ ಕೆಟ್ಟವರಲ್ಲ, ಕೆಲಸ ಬಿಟ್ಟು ಕರೆತಂದಿದ್ದು ಅವರೇ. ಅವರಿಗೂ ಇಷ್ಟನ್ನು ಹೇಳಿ ಕಳಿಸಿದೆ: ಕಿಬ್ಬೊಟ್ಟೆ ನೋವಿನ ಜೊತೆ ಜ್ವರ ಬಂದರೆ, ವಯಸ್ಸಾಗಿ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎಳನೀರು ಕುಡಿಸುತ್ತಾ ಕಾಯಬೇಡಿ, ಅದೇ ದಿನ ಬನ್ನಿ.