ವಾಟರ್ ಪಂಪ್ ಕೊಳ್ಳುವಾಗ ಡಬ್ಬಿಯಲ್ಲ, ಸೀಲು ನೋಡಿ

ಕಲಬುರಗಿಯ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿತೆಂದರೆ ಕಾರಿನ ಕೂಲಿಂಗ್‌ನಲ್ಲಿ ಅಡಗಿದ್ದ ಕೊರತೆಗಳೆಲ್ಲ ಹೊರಬರುತ್ತವೆ. ಆದರೆ ಟೆಂಪರೇಚರ್ ಮುಳ್ಳು ಏರಿದ ಕೂಡಲೇ, ಎಂಜಿನ್ ತಣಿಸುವ ದ್ರವವಾದ ಕೂಲಂಟನ್ನು ಸುತ್ತಿಸುವ ವಾಟರ್ ಪಂಪ್ ಬಿಚ್ಚಬೇಡಿ. ನಿಂತಾಗ ಬಿಸಿಯಾಗಿ, ಓಡುವಾಗ ತಣ್ಣಗಾದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಹುಮನಾಬಾದ್ ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೇ ಬಿಸಿಯಾದರೆ ಕೂಲಂಟ್ ಹರಿವು ಕಡಿಮೆಯಾಗಿದೆ: ಕಾರಣ ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ಹರಿವು ಬಿಡುವ ವಾಲ್ವ್), ಕಟ್ಟಿಕೊಂಡ ರೇಡಿಯೇಟರ್ ಅಥವಾ ಪಂಪ್.

ಪಂಪ್ ಹೋಗಿದ್ದಕ್ಕೆ ಸ್ಪಷ್ಟ ಗುರುತು ಅದರ ಮೈಮೇಲಿನ ಸಣ್ಣ ವೀಪ್ ಹೋಲ್. ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಒಳಗಿನ ಸೀಲು ಸವೆದಾಗ ಕೂಲಂಟ್ ಬೇರಿಂಗ್‌ಗೆ ನುಗ್ಗದೆ ಹೊರಗೆ ಬರಲೆಂದೇ ಆ ತೂತು ಕೊಟ್ಟಿರುತ್ತಾರೆ. ಅಲ್ಲಿ ಒಣಗಿದ ತೆಳು ಕಲೆ ಇದ್ದರೆ ಗಾಬರಿ ಬೇಡ. ಹನಿ ಜಿನುಗುತ್ತಿದ್ದರೆ ಪಂಪ್ ಬದಲಿಸಲೇಬೇಕು. ತೂತಿಗೆ ಎಂ-ಸೀಲ್ ಮೆತ್ತಿದರೆ ನೀರು ಬೇರಿಂಗ್ ಹೊಕ್ಕು ಪುಲ್ಲಿಯೇ ಅಲ್ಲಾಡತೊಡಗುತ್ತದೆ.

ಅಂಗಡಿಯಲ್ಲಿ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನ ಪೆಟ್ರೋಲ್, ಡೀಸೆಲ್ ಎಂಜಿನ್ನಿಗೆ ಬೇರೆ ಬೇರೆ ಪಂಪ್ ಇರುತ್ತದೆ. ಚಾಸಿ ನಂಬರಿನಿಂದ ಪಾರ್ಟ್ ನಂಬರ್ ತೆಗೆಸಿ, ಸಾಧ್ಯವಾದರೆ ಹಳೆ ಪಂಪನ್ನೂ ಜೊತೆಗೆ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಇಂಪೆಲ್ಲರ್‌ನ (ಕೂಲಂಟ್ ತಳ್ಳುವ ರೆಕ್ಕೆಚಕ್ರದ) ವ್ಯಾಸ, ರೆಕ್ಕೆ ಬಾಗಿದ ದಿಕ್ಕು, ಪುಲ್ಲಿ ಕೂರುವ ಎತ್ತರ ಹೋಲಿಸಿ. ರೆಕ್ಕೆ ತಿರುವುಮುರುವಾದರೂ ಬೋಲ್ಟು ಸರಿಯಾಗೇ ಕೂರುತ್ತದೆ. ಹರಿವು ಮಾತ್ರ ಸಾಲುವುದಿಲ್ಲ.

ಹೊಸ ಪಂಪಿನ ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸೀಲಿನ ಒತ್ತಡದಿಂದ ತುಸು ಬಿಗಿ ಅನಿಸಬೇಕು, ಅದು ದೋಷವಲ್ಲ. ಮರಳು ಸಿಕ್ಕಂತೆ ಕರಕರ ಎಂದರೆ ಅಥವಾ ಅತ್ತಿತ್ತ ಆಡಿದರೆ ವಾಪಸು ಕೊಡಿ. ಡ್ರಿಲ್ ಹಚ್ಚಿ ಒಣಗೇ ತಿರುಗಿಸಿ ತೋರಿಸಲು ಬಿಡಬೇಡಿ. ಸೀಲಿನ ಎರಡು ಮುಖಗಳ ನಡುವೆ ಕೂಲಂಟ್‌ನ ತೆಳು ಪದರವೇ ಎಣ್ಣೆಯ ಕೆಲಸ ಮಾಡುವುದು, ಒಣಗಿದ್ದಾಗ ಅವು ಗೀರುತ್ತವೆ. ಗ್ಯಾಸ್ಕೆಟ್ ಕೂರುವ ಮುಖ ನುಣುಪಾಗಿರಲಿ. ಪ್ಲಾಸ್ಟಿಕ್ ಇಂಪೆಲ್ಲರ್ ಎಂದ ಮಾತ್ರಕ್ಕೆ ಕಳಪೆ ಅಲ್ಲ, ಎಷ್ಟೋ ಕಂಪನಿ ಪಂಪುಗಳಲ್ಲೇ ಅದಿರುತ್ತದೆ. ಅಗ್ಗದ ಪ್ಲಾಸ್ಟಿಕ್ ಮಾತ್ರ ಬಿಸಿಗೆ ಬಿರಿದು ಶಾಫ್ಟಿನ ಮೇಲೆ ಜಾರುತ್ತದೆ. ಕಾರು ಕಂಪನಿಯದೇ ಜೆನ್ಯುವಿನ್ ಪಂಪ್ ಅಥವಾ ಐಸಿನ್, ಜಿಎಂಬಿ ತರಹದ ಹೆಸರಾಂತ ತಯಾರಕರದ್ದನ್ನು ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ. ರೀಕಂಡೀಶನ್ ಪಂಪ್ ಬೇಡವೇ ಬೇಡ.

ವಾಲ್ವ್‌ಗಳ ಸಮಯ ಹೊಂದಿಸುವ ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಎಂಜಿನ್ನಾದರೆ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಶನರ್, ದಾರಿಗೆ ತರುವ ಐಡ್ಲರ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಅಲ್ಲಿ ಪಂಪ್ ಸೋರಿದರೆ ಬೆಲ್ಟ್ ಹಾಳಾಗುತ್ತದೆ, ಬೆಲ್ಟ್ ಹಲ್ಲು ಜಾರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಬಾಗುತ್ತವೆ. ಟೈಮಿಂಗ್ ಗುರುತು ಹೊಂದಿಸಿ ಅಭ್ಯಾಸವಿಲ್ಲದವರು ಈ ಕೆಲಸವನ್ನು ಮೇಸ್ತ್ರಿಗೇ ಬಿಡುವುದು ಲೇಸು.

ಜೋಡಿಸುವ ಮುನ್ನ ತಣ್ಣಗಿನ ಎಂಜಿನ್ನಿನಿಂದ ಹಳೆ ಕೂಲಂಟ್ ಇಳಿಸಿ, ಇಡೀ ವ್ಯವಸ್ಥೆ ಫ್ಲಶ್ ಮಾಡಿ. ಉಳಿದ ತುಕ್ಕಿನ ಪುಡಿ ಹೊಸ ಸೀಲನ್ನೂ ತಿನ್ನುತ್ತದೆ. ಅಲ್ಯೂಮಿನಿಯಂ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಓ-ರಿಂಗ್ ಇದ್ದರೆ ಸಿಲಿಕಾನ್ ಬೇಡ, ಕೂಲಂಟ್‌ನಲ್ಲಿ ಅದ್ದಿದರೆ ಸಾಕು. ಧಾರಾಳವಾಗಿ ಮೆತ್ತಿದ ಸಿಲಿಕಾನ್ ಒಳಗೆ ಕಿತ್ತು ರೇಡಿಯೇಟರ್ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿಯಿರಿ. ಎಂ6 ಬೋಲ್ಟಿಗೆ ಸಾಮಾನ್ಯವಾಗಿ 8–10 ನ್ಯೂಟನ್ ಮೀಟರ್, ಆದರೆ ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ್ದೇ ಅಂತಿಮ.

ನಮ್ಮ ಕಡೆ ಪಂಪುಗಳನ್ನು ಹೆಚ್ಚಾಗಿ ಕೊಲ್ಲುವುದು ಬೋರ್‌ವೆಲ್ ನೀರು. ಶಹಾಬಾದ್, ಸೇಡಂ, ಚಿತ್ತಾಪುರದ ನೆಲದಡಿ ಸುಣ್ಣಕಲ್ಲೇ ಇದೆ. ಆ ಗಡಸು ನೀರು ಕಾದಾಗ ಬಿಳಿ ಪೊರೆ ಕಟ್ಟಿ ಸೀಲನ್ನು ಉಜ್ಜುತ್ತದೆ. ‘ಇಲ್ಲೇನು ಹಿಮ ಬೀಳುತ್ತದಾ, ಕೂಲಂಟ್ ಯಾಕೆ’ ಎನ್ನುವವರಿದ್ದಾರೆ. ತುಕ್ಕು ತಡೆಯುವುದೂ ಕುದಿಯುವ ಮಟ್ಟ ಏರಿಸುವುದೂ ಅದೇ. ಕಾನ್ಸಂಟ್ರೇಟ್ (ಗಟ್ಟಿ ಕೂಲಂಟ್) ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ, ಮೊದಲೇ ನೀರು ಬೆರೆಸಿದ ಪ್ರೀಮಿಕ್ಸ್ ಆದರೆ ನೀರು ಸೇರಿಸದೆ ಹಾಕಿ. ಬಣ್ಣ ಒಂದೇ ಎಂದು ಎರಡು ಬಗೆಯ ಕೂಲಂಟ್ ಬೆರೆಸಬೇಡಿ.

ತುಂಬಿದ ಮೇಲೆ ಹೀಟರ್ ಪೂರ್ತಿ ಬಿಸಿಗಿಟ್ಟು, ಮ್ಯಾನುಯಲ್ ಹೇಳಿದಂತೆ ಗಾಳಿ ತೆಗೆಯಿರಿ. ಮೊದಲ ಸಲ ಓಡಿಸಿದಾಗ ವೀಪ್ ಹೋಲ್‌ನಲ್ಲಿ ಒಂದೆರಡು ಹನಿ ಕಂಡರೆ ಸೀಲು ಕೂರುತ್ತಿದೆ ಎಂದರ್ಥ. ಮರುದಿನವೂ ಜಿನುಗಿದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ.